ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರಿನ ಕುದುರೆಗಳು

ಜಯನಗರದ ನಮಗೆ ಜೆ.ಸಿ. ನಗರ ಎಂದರೆ ಊರಿನ ಆಚೆ ತುದಿ. ಬಸ್ಸು ಬದಲಿಸಿ, ಶಿವಾಜಿನಗರ ದಾಟಿ ಮುನಿರೆಡ್ಡಿಪಾಳ್ಯದ ಕಡೆ ಹೋದರೆ ಅಂಚೆ ಕಚೇರಿಯ ಎದುರಿಗೆ ಒಂದು ಕಲ್ಲಿನ ಕಂಬ ನಿಂತಿದೆ. ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಸವಾರರ ಹೆಸರುಗಳು ಅದರ ಮೇಲಿವೆ. ಅವರು ಕಾದಾಡಿದ ಊರುಗಳ ಹೆಸರೂ ಇವೆ: ಗಾಜಾ, ಹೈಫಾ, ಡಮಾಸ್ಕಸ್, ಅಲೆಪ್ಪೊ. ಇವತ್ತು ಸುದ್ದಿಯಲ್ಲಿ ದಿನಾ ಕೇಳುವ ಊರುಗಳು, ನೂರು ವರ್ಷದ ಹಿಂದೆಯೇ ಬೆಂಗಳೂರಿನ ಕಲ್ಲಿಗೆ ಇಳಿದಿದ್ದವು. ಹೈಫಾ ಎಂಬ ಹೆಸರು ಅಲ್ಲಿಗೆ ಬಂದದ್ದು ಒಂದೇ ಒಂದು ದಿನದ ಕಾಳಗದಿಂದ: 1918ರ ಸೆಪ್ಟೆಂಬರ್ 23, ಸೋಮವಾರ.

ಆಗ ಜಯನಗರ ಇರಲಿಲ್ಲ. ರಾಜಾಜಿ ಇದಕ್ಕೆ ಅಡಿಗಲ್ಲು ಹಾಕಿದ್ದು ಅದಾಗಿ 30 ವರ್ಷಕ್ಕೆ. ಊರು ಬಸವನಗುಡಿ, ಲಾಲ್‌ಬಾಗಿನ ಹತ್ತಿರವೇ ಮುಗಿಯುತ್ತಿತ್ತು; ಅದರಾಚೆ ಸಾರಕ್ಕಿ, ಯಡಿಯೂರು, ಭೈರಸಂದ್ರಗಳ ಕೆರೆ, ಹೊಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1892ರಲ್ಲಿ ಕಟ್ಟಿದ ಸಂಸ್ಥಾನದ ಅಶ್ವದಳ ಊರು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು. 1914ರ ಅಕ್ಟೋಬರಿನಲ್ಲಿ ಬ್ರಿಟಿಷರ ಪರವಾಗಿ ಮೊದಲ ಮಹಾಯುದ್ಧಕ್ಕೆ ಬೆಂಗಳೂರಿನಿಂದ ಹೊರಟಾಗ ಅದರ ಜೊತೆ 526 ಕುದುರೆಗಳು, 49 ಹೇಸರಗತ್ತೆಗಳು ಇದ್ದವು. ಸೂಯೆಜ್ ಕಾಲುವೆಯ ಕಾವಲು, ಸಿನಾಯ್ ಮರಳುಗಾಡು, ಗಾಜಾ, ಹೀಗೆ ವರ್ಷಗಳು ಕಳೆದಿದ್ದವು. ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರೂ ಸೇರಿ ಬ್ರಿಗೇಡಿಯರ್ ಹಾರ್ಬರ್ಡ್ ಕೈಕೆಳಗೆ 15ನೇ ಅಶ್ವದಳ ಬ್ರಿಗೇಡ್ ಆಗಿತ್ತು.

1918ರ ಸೆಪ್ಟೆಂಬರ್ 19ಕ್ಕೆ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ಪ್ಯಾಲೆಸ್ತೀನಿನಲ್ಲಿ ಆಟೊಮನ್ ತುರ್ಕರ ಸಾಲನ್ನು ಒಡೆದ. ಕಾಲಾಳುಗಳು ತೆರೆದ ಕಂಡಿಯಲ್ಲಿ ಕುದುರೆಗಳು ನುಗ್ಗಿದವು. ಮೂರೇ ದಿನದಲ್ಲಿ ನಜರೆತ್, ಅಫೂಲಾ ಕೈಗೆ ಬಂದವು. ಹೈಫಾ ಬಂದರು ಸಿಕ್ಕರೆ ಮುಂದಿನ ದಂಡಯಾತ್ರೆಗೆ ಬೇಕಾದ ಸಾಮಾನು ಹಡಗಿನಲ್ಲೇ ಬರುತ್ತಿತ್ತು. ಅಷ್ಟು ದೂರ ಒಂಟೆಗಳ ಮೇಲೆ, ಲಾರಿಗಳಲ್ಲಿ ಹೊತ್ತು ತರುವ ಪಾಡು ತಪ್ಪುತ್ತಿತ್ತು. ಊರು ಖಾಲಿಯಾಗಿದೆ ಎಂಬ ಸುದ್ದಿ ನಂಬಿ 22ರಂದು ಕವಚದ ಕಾರುಗಳನ್ನು ಕಳಿಸಿದರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳು ಅವನ್ನು ಹಿಂದಕ್ಕಟ್ಟಿದವು. ಮರುದಿನದ ಕೆಲಸ ಕುದುರೆಗಳ ಪಾಲಿಗೆ ಬಂತು.

ಬೆಳಗಿನ ಜಾವ ಅಫೂಲಾದಿಂದ ಹೊರಟ ಬ್ರಿಗೇಡ್ ಹತ್ತು ಗಂಟೆಯ ಹೊತ್ತಿಗೆ ಹೈಫಾದ ಹತ್ತಿರ ಬಂತು. ಹೈದರಾಬಾದಿನವರು ಸೆರೆಯಾಳುಗಳ ಕಾವಲಿಗೆ ಹಿಂದುಳಿದಿದ್ದರು. ಎಡಗಡೆ ಕಡಿದಾದ ಕಾರ್ಮೆಲ್, ಬಲಗಡೆ ಕಿಶೋನ್ ಹೊಳೆಯ ಜೌಗು, ನಡುವೆ ರಸ್ತೆ, ರೈಲು ಹಳಿ ಹಾದುಹೋಗುವ ಒಂದು ಕಿರಿದಾದ ಸಂದು. ಬೆಟ್ಟದ ಮೇಲಿನ ಫಿರಂಗಿಗಳಿಗೆ ಈ ಸಂದು ಅಂಗೈ ಮೇಲಿದ್ದಂತೆ. ಮೊದಲು ಬೆಟ್ಟದ ಬಾಯಿ ಮುಚ್ಚಿಸಬೇಕಿತ್ತು.

ಆ ಕೆಲಸಕ್ಕೆ ಕಳಿಸಿದ್ದು ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು. ಇನ್ನೊಂದು ತುಕಡಿ ಬಲಕ್ಕೆ ಸರಿದು ಉತ್ತರದ ಕಡೆ ಹೋಯಿತು. ನಾಲ್ಕು ದಿನದಿಂದ ಜೀನು ಇಳಿಸದಷ್ಟು ಓಡಿದ ಕುದುರೆಗಳು ಆಡು ಹತ್ತುವ ಕಾಲುದಾರಿಯಲ್ಲಿ ಏರಬೇಕಿತ್ತು. ಕಲ್ಲು, ಮುಳ್ಳುಪೊದೆ, ನೆತ್ತಿಯ ಮೇಲೆ ಬಿಸಿಲು. ಒಂದೊಂದಾಗಿ ಕುದುರೆಗಳು ಕುಸಿದವು. ಕೆಲವರು ಮಷೀನ್ ಗನ್ ಹಿಡಿದು ಹಿಂದುಳಿಯಬೇಕಾಯಿತು. ತೋಪುಗಳ ಹತ್ತಿರ ತಲುಪಿದಾಗ ಕುದುರೆಯ ಮೇಲೇರಿ ನುಗ್ಗಲು ಉಳಿದವರು ಸುಮಾರು 15 ಮಂದಿ. ಅವರು ನುಗ್ಗಿದರು, ತೋಪುಗಳನ್ನು ಹಿಡಿದರು.

ಸರಿಸುಮಾರು ಅದೇ ಹೊತ್ತಿಗೆ, ಎರಡು ಗಂಟೆಗೆ, ಕೆಳಗೆ ಜೋಧಪುರದವರು ಹೊರಟರು. ಹೊಳೆಯ ದಡದಲ್ಲಿ ಮುಂದಿನ ಕುದುರೆಗಳು ಉಸುಬಿಗೆ ಸಿಕ್ಕಿ ಹೂತವು. ಗುಂಡಿನ ಮಳೆಯ ನಡುವೆಯೇ ದಳ ಎಡಕ್ಕೆ ತಿರುಗಿ, ಬೆಟ್ಟದ ತಪ್ಪಲಿನ ಮಷೀನ್ ಗನ್ನುಗಳ ಮೇಲೆ ಬಿದ್ದು, ಊರಿನ ಬೀದಿಗಳಿಗೆ ಭರ್ಜಿ ಹಿಡಿದೇ ನುಗ್ಗಿತು. ಜೋಧಪುರ ದಳದ ಮುಂದೆ ನಿಂತು ನುಗ್ಗಿದ ಮೇಜರ್ ದಲಪತ್ ಸಿಂಗ್ ಶೇಖಾವತ್ ಅಲ್ಲಿ ಮಡಿದರು. ಉಳಿದ ಮೈಸೂರು ಸವಾರರು ಹಿಂದೆಯೇ ಬಂದರು. ಮೂರು ಗಂಟೆಗೆ ಊರು ಕೈಗೆ ಬಂತು. ನಮ್ಮಲ್ಲಿ ಆಗ ದೀಪ ಹಚ್ಚುವ ಹೊತ್ತು. 1,300ಕ್ಕೂ ಹೆಚ್ಚು ಸೆರೆಯಾಳುಗಳು, 17 ಫಿರಂಗಿಗಳು, 11 ಮಷೀನ್ ಗನ್ನುಗಳು. ಬ್ರಿಗೇಡಿನ ಕಡೆ ಸತ್ತವರು 8, ಗಾಯಾಳುಗಳು 34.

ಆ ಸೋಮವಾರ ಹೈಫಾ ಒಂದೇ ಅಲ್ಲ. ಕೊಲ್ಲಿಯ ಆಚೆ ದಡದ ಏಕರ್ ಕೋಟೆಯೂ ಅದೇ ದಿನ ಬಿತ್ತು. ಜೋರ್ಡಾನ್ ನದಿಯ ಪೂರ್ವಕ್ಕೆ ನ್ಯೂಜಿಲೆಂಡಿನ ಸವಾರರು ಎಸ್ ಸಾಲ್ಟ್ ಹಿಡಿದರು. ಬಾಲ್ಕನ್ನಿನಲ್ಲಿ ಬಲ್ಗೇರಿಯಾದ ಸೇನೆ ಹಿಮ್ಮೆಟ್ಟುತ್ತಿತ್ತು, ಫ್ರೆಂಚ್ ಅಶ್ವದಳ ಪ್ರಿಲೆಪ್ ಪಟ್ಟಣ ಹೊಕ್ಕಿತು. ಫ್ರಾನ್ಸಿನ ಕಂದಕಗಳಲ್ಲಿ ಮೂರು ದಿನ ಬಿಟ್ಟು ಶುರುವಾಗಲಿದ್ದ ಮ್ಯೂಸ್-ಆರ್ಗೊನ್ ದಾಳಿಗೆ ಅಮೆರಿಕನ್ನರು ರಾತ್ರಿ ಹೊತ್ತು ಸದ್ದಿಲ್ಲದೆ ಜಮಾಯಿಸುತ್ತಿದ್ದರು. ಅಲ್ಲಿ ಮುಳ್ಳುತಂತಿಯ ಮುಂದೆ ಕುದುರೆಗೆ ಬೆಲೆಯೇ ಇರಲಿಲ್ಲ. ಪ್ಯಾಲೆಸ್ತೀನ್, ಬಾಲ್ಕನ್‌ಗಳಲ್ಲಿ ಮಾತ್ರ, ಸಾಲು ಒಡೆದ ಮೇಲೆ ಕುದುರೆಯ ವೇಗವೇ ಯುದ್ಧವನ್ನು ಮುಗಿಸುತ್ತಿತ್ತು.

ಹೈಫಾ ಎಂದಾಗ ಎಲ್ಲರೂ ಹೇಳುವುದು ಕೆಳಗಿನ ಆ ಓಟದ ಕಥೆ. ಅದು ಸಲ್ಲಬೇಕಾದ ಗೌರವವೇ. ದಲಪತ್ ಸಿಂಗರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಬೆಟ್ಟದ ಮೇಲಿನ ತೋಪು ಮಾತಾಡುತ್ತಲೇ ಇದ್ದಿದ್ದರೆ ಆ ಸಂದಿನಲ್ಲಿ ಎಷ್ಟು ಹೆಣ ಬೀಳುತ್ತಿತ್ತೋ! ಕಥೆಯ ಆ ಅರ್ಧ ನಮ್ಮದು. ಅದನ್ನು ಕನ್ನಡದಲ್ಲಿ ನಾವೇ ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ? ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಜಯನಗರದಲ್ಲಿ ಶಾಲೆ ಕಲಿತ ನಾನು ಹೈಫಾದ ಹೆಸರನ್ನು ಪಾಠದಲ್ಲಿ ಒಮ್ಮೆಯೂ ಕೇಳಲಿಲ್ಲ.

ಹೈಫಾದಿಂದ ಅವರು ಮನೆಗೆ ಮರಳಲಿಲ್ಲ. ಡಮಾಸ್ಕಸ್ ಹಾದು ಉತ್ತರಕ್ಕೆ ನಡೆದರು. ಅಕ್ಟೋಬರ್ 26ರಂದು ಅಲೆಪ್ಪೊದ ಆಚೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರ ದಳಗಳು ಮತ್ತೊಮ್ಮೆ ಭರ್ಜಿ ಹಿಡಿದು ನುಗ್ಗಿದವು. ಬ್ರಿಗೇಡಿಗೆ ಹೈಫಾಕ್ಕಿಂತ ಹೆಚ್ಚು ಸಾವು ಆದದ್ದು ಅಲ್ಲಿ. ಐದು ದಿನಕ್ಕೆ ತುರ್ಕರ ಜೊತೆ ಕದನವಿರಾಮ ಜಾರಿಗೆ ಬಂತು.

ಜೆ.ಸಿ. ನಗರದ ಕಂಬದ ಮೇಲೆ ಇರುವುದು ಮನುಷ್ಯರ ಹೆಸರುಗಳು. ಹೈಫಾದ ಆ ಒಂದೇ ಮಧ್ಯಾಹ್ನ ಬ್ರಿಗೇಡಿನ 60 ಕುದುರೆಗಳು ಸತ್ತವು, 83 ಗಾಯಗೊಂಡವು.