ಕಡತ ಹುಡುಕುವಾಗ ಸ್ತಬ್ಧವಾಗುವ ಕಂಪ್ಯೂಟರ್

ಸರ್ವರ್‌ನಲ್ಲಿರುವ ಕಡತವೊಂದನ್ನು ಹುಡುಕತೊಡಗಿದಾಗ ಪರದೆ ಮಸುಕಾಗಿ, ಮೌಸ್ ಒತ್ತಿದರೂ ಕಂಪ್ಯೂಟರ್ ಓಗೊಡದಿದ್ದರೆ, ಯಂತ್ರ ಹಳೆಯದಾಯಿತೆಂದೋ ಮೆಮೊರಿ ಸಾಲದೆಂದೋ ತೀರ್ಮಾನಿಸುವುದು ರೂಢಿ. ಆದರೆ ಅದೇ ಗಳಿಗೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಸಾಮಾನ್ಯವಾಗಿ ಬಿಡುವಾಗಿಯೇ ಇರುತ್ತದೆ. ಕಂಪ್ಯೂಟರ್ ಆಗ ಇನ್ನೊಂದು ಯಂತ್ರದ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ವಿಂಡೋಸ್‌ನಲ್ಲಿ ಕೀಲಿಮಣೆ ಮತ್ತು ಮೌಸ್‌ಗಳ ಸಂದೇಶಗಳು ಸರತಿಯಲ್ಲಿ ನಿಂತು, ಥ್ರೆಡ್ ಎಂಬ ಒಂದು ಕಾರ್ಯಧಾರೆಯಿಂದ ಒಂದೊಂದಾಗಿ ವಿಲೇವಾರಿಯಾಗುತ್ತವೆ; ಆ ಧಾರೆಯೇ ಸರ್ವರ್‌ನ ಉತ್ತರಕ್ಕೆ ಕಾದು ಕುಳಿತರೆ ಸರತಿ ಕದಲುವುದಿಲ್ಲ, 5 ಸೆಕೆಂಡು ಕಳೆದರೆ ವ್ಯವಸ್ಥೆಯು ಆ ತಂತ್ರಾಂಶ ಸ್ಪಂದಿಸುತ್ತಿಲ್ಲವೆಂದು ಸಾರುತ್ತದೆ.

ಉತ್ತರ ತಡವಾಗುವುದೇಕೆ ಎಂಬುದನ್ನು ಸರಳ ಲೆಕ್ಕವೊಂದು ಸ್ಪಷ್ಟಪಡಿಸುತ್ತದೆ. ಸರ್ವರ್‌ನಲ್ಲಿ 50,000 ಫೋಲ್ಡರ್‌ಗಳಿದ್ದು, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಸಾಕೆಂದು ಹಿಡಿದರೂ, ಅದೇ ಕಟ್ಟಡದ ಸರ್ವರ್‌ಗೆ ಹೋಗಿಬರಲು ಅರ್ಧ ಮಿಲಿಸೆಕೆಂಡಿನಂತೆ ಒಟ್ಟು 25 ಸೆಕೆಂಡು ಸಾಕು. ಸರ್ವರ್ ದೂರದ ಊರಿನಲ್ಲಿದ್ದು ಹೋಗಿಬರುವ ಕಾಲ 40 ಮಿಲಿಸೆಕೆಂಡಾದರೆ ಅದೇ ಹುಡುಕಾಟಕ್ಕೆ 33 ನಿಮಿಷ ಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುವುದರಿಂದ, ಹೆಚ್ಚು ವೇಗದ ಸಂಪರ್ಕಕ್ಕೆ ಹಣ ತೆತ್ತರೂ ಈ ವಿಳಂಬ ತೊಲಗುವುದಿಲ್ಲವೆಂಬುದನ್ನು ಕಚೇರಿಗಳು ಅರಿಯಲೇಬೇಕು. ತಗ್ಗಿಸಬಹುದಾದದ್ದು ಪ್ರಶ್ನೆಗಳ ಸಂಖ್ಯೆಯನ್ನು. ಕಡತ ಹಂಚಿಕೆಗಾಗಿ ಯಂತ್ರಗಳು ಪರಸ್ಪರ ಮಾತಾಡುವ ನಿಯಮಾವಳಿಯಾದ ಎಸ್‌ಎಂಬಿಯ ಎರಡನೆಯ ಆವೃತ್ತಿ 2006ರಲ್ಲಿ ವಿಂಡೋಸ್ ವಿಸ್ತಾದೊಂದಿಗೆ ಬಂದಾಗ, ನೂರಕ್ಕೂ ಮೀರಿದ್ದ ಆದೇಶಗಳನ್ನು 19ಕ್ಕೆ ಇಳಿಸಿ, ಹಲವು ಕೋರಿಕೆಗಳನ್ನು ಒಂದೇ ಸಲಕ್ಕೆ ಕಳಿಸುವ ಏರ್ಪಾಡು ಮಾಡಿದ್ದು ಇದಕ್ಕಾಗಿಯೇ. ಮೊದಲ ಆವೃತ್ತಿಯನ್ನಷ್ಟೇ ಬಲ್ಲ ಹಳೆಯ ಸಂಗ್ರಹ ಸಾಧನಗಳು ನಿಧಾನವಾಗುವುದಕ್ಕೂ ಇದೊಂದು ಕಾರಣ.

ಕಡತದ ಹೆಸರಿಗೆ ಬದಲು ಒಳಗಿನ ಪದಗಳನ್ನು ಹುಡುಕಿದರೆ ಹೊರೆ ಇನ್ನಷ್ಟು ಬೆಳೆಯುತ್ತದೆ. ಸ್ವಂತ ಡಿಸ್ಕಿನ ಪದಗಳಿಗೆ ವಿಂಡೋಸ್ ಮೊದಲೇ ಅನುಕ್ರಮಣಿಕೆ ಸಿದ್ಧಪಡಿಸಿಟ್ಟುಕೊಳ್ಳುತ್ತದೆಯಾದರೂ ಸರ್ವರ್‌ನ ಕಡತಗಳು ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲವಾದ್ದರಿಂದ, ಒಂದೊಂದು ಕಡತವನ್ನೂ ಜಾಲದ ಮೂಲಕ ತರಿಸಿ ಓದಬೇಕಾಗುತ್ತದೆ, ವೈರಸ್ ನಿರೋಧಕವೂ ನಡುವೆ ಬಂದು ಅದನ್ನು ಪರೀಕ್ಷಿಸುತ್ತದೆ. ಸರ್ವರ್‌ನಲ್ಲಿಯೇ ಅನುಕ್ರಮಣಿಕೆಯ ಸೇವೆಯನ್ನು ಚಾಲನೆಗೊಳಿಸಿದರೆ ಹುಡುಕಾಟ ಅಲ್ಲಿಯೇ ಮುಗಿದು ಫಲಿತಾಂಶವಷ್ಟೇ ಇತ್ತ ಬರುತ್ತದೆ. ಲಭ್ಯ ಪರಿಹಾರಗಳಲ್ಲಿ ಇದೇ ಉತ್ತಮ.

ದೋಷ ಎಲ್ಲಿದೆಯೆಂದು ಪತ್ತೆಹಚ್ಚಲು ಕಚೇರಿಯ ಎಲ್ಲ ಯಂತ್ರಗಳೂ ನಿಲ್ಲುತ್ತವೆಯೇ, ಒಂದೇ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. ಒಂದೇ ಆದರೆ, ಅದರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಫೋಲ್ಡರ್‌ನ ಪಟ್ಟಿ ಕೇಳಬೇಕು. ಪಟ್ಟಿ ಸರಾಗವಾಗಿ ಹರಿದುಬಂದರೆ ಜಾಲದಲ್ಲಿ ತೊಂದರೆಯಿಲ್ಲ, ಎಕ್ಸ್‌ಪ್ಲೋರರ್‌ನಲ್ಲಿ ಕಿರುಚಿತ್ರ ಮತ್ತು ಮುನ್ನೋಟಗಳನ್ನು ರಚಿಸುವ ಉಪತಂತ್ರಾಂಶಗಳ ಮೇಲೆ ಅನುಮಾನಪಡಲು ಅವಕಾಶವಿದೆ. ಎಂದೋ ಕೆಲಸ ನಿಲ್ಲಿಸಿದ ಸರ್ವರ್‌ಗೆ ಜೋಡಿಸಿದ್ದ ಡ್ರೈವ್ ಅಕ್ಷರ ಹಾಗೆಯೇ ಉಳಿದಿದ್ದರೂ, ಇಲ್ಲದ ಆ ಸರ್ವರ್ ಉತ್ತರಿಸೀತೆಂದು ಕಂಪ್ಯೂಟರ್ ಮತ್ತೆ ಮತ್ತೆ ಕಾಯುವುದರಿಂದ, ಅಂಥ ಜೋಡಣೆಗಳನ್ನು ಕಿತ್ತುಹಾಕಬೇಕು. ಇಷ್ಟಾದರೂ ಸುಳಿವು ಸಿಗದಿದ್ದರೆ, ರಿಸೋರ್ಸ್ ಮಾನಿಟರ್ ತೆರೆದು ಸ್ತಬ್ಧವಾದ ತಂತ್ರಾಂಶವನ್ನು ಆರಿಸಿ, ಅದರ ಯಾವ ಥ್ರೆಡ್ ಯಾವುದಕ್ಕಾಗಿ ಕಾಯುತ್ತಿದೆಯೆಂಬ ಸರಪಳಿಯನ್ನು ಪರಿಶೀಲಿಸಬಹುದು.