ಗುಂಪಿನ ದನಿ, ಒಬ್ಬೊಬ್ಬರ ಕ್ಷಮೆ: ಹಾಸನ ಮಲೆನಾಡಿನ ಕ್ರೈಸ್ತ ಪರಂಪರೆಯ ಒಂದು ಮುಖ

ಆಲೂರು, ಸಕಲೇಶಪುರ ಸೀಮೆಯ ಜಾನಪದವೆಂದೊಡನೆ ಸುಗ್ಗಿ, ಜಾತ್ರೆ, ಗ್ರಾಮದೇವತೆಗಳು ನೆನಪಾಗುತ್ತವೆ. ಇದೇ ನೆಲದ ಕ್ರೈಸ್ತ ಆಚರಣೆಗಳೂ ಅಷ್ಟೇ ಗಮನಾರ್ಹವಾದವು. ಹಾಸನ ಸೀಮೆಯಲ್ಲಿ ಬೇಸಾಯವನ್ನು ನಂಬಿದ ಕ್ರೈಸ್ತರ ನೆಲೆಗಳು 19ನೆಯ ಶತಮಾನದ ಆರಂಭದಲ್ಲಿಯೇ ರೂಪುಗೊಂಡವು. ಕಾಫಿ ತೋಟಗಳು ಹಬ್ಬಿದಂತೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು ಅವುಗಳೊಡನೆ ಸೇರಿಕೊಂಡವು. ಇಲ್ಲಿನ ಕಥೋಲಿಕ ಚರ್ಚುಗಳು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ.

ಕಥೋಲಿಕರ ತಪಸ್ಸುಕಾಲದ ಕೊನೆಗೆ ಬರುವ ಗರಿಗಳ ಭಾನುವಾರದ ಆರಾಧನೆಯಲ್ಲಿ ಜಾನಪದ ವಿದ್ವಾಂಸರು ಗಮನಿಸಬೇಕಾದ ಒಂದು ಅಂಶವಿದೆ. ಭಕ್ತರು ಗರಿ ಹಿಡಿದು ಜಯಘೋಷ ಮಾಡುತ್ತಾ ದೇವಾಲಯವನ್ನು ಪ್ರವೇಶಿಸುತ್ತಾರೆ. ಬಳಿಕ ಯೇಸುವಿನ ಯಾತನೆಯ ವೃತ್ತಾಂತವನ್ನು ಪಾತ್ರಗಳಾಗಿ ಹಂಚಿಕೊಂಡು ಓದುವಾಗ, ಯೇಸುವಿನ ಮಾತು ಗುರುಗಳದು. ಜನಸಮೂಹದ ಮಾತು ಸಾಮಾನ್ಯವಾಗಿ ನೆರೆದ ಭಕ್ತರದು. ಸ್ವಲ್ಪ ಮೊದಲು ಜಯಕಾರ ಹಾಕಿದ ಬಾಯಿಗಳೇ ಈಗ ಶಿಲುಬೆಯ ಶಿಕ್ಷೆಯನ್ನು ಕೇಳುತ್ತವೆ. ತಪ್ಪು ಮಾಡಿದ ಗುಂಪು ಬೇರೆ ಯಾರದೋ ಅಲ್ಲ, ತನ್ನದೇ ಎಂಬುದನ್ನು ಆಚರಣೆಯು ಹೀಗೆ ಭಕ್ತನ ಬಾಯಿಂದಲೇ ನುಡಿಸುತ್ತದೆ.

ಶುಭಸಂದೇಶಗಳಲ್ಲಿ ಗುಂಪಿನ ಪ್ರಭಾವ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗಲಭೆಗೆ ಅಂಜಿದ ಪಿಲಾತ ಕೈ ತೊಳೆದುಕೊಳ್ಳುತ್ತಾನೆ. ಅಂಗಳದಲ್ಲಿ ನೆರೆದವರ ನಡುವೆ ಪೇತ್ರ ತನ್ನ ಗುರುವನ್ನು ಮೂರು ಸಲ ಅಲ್ಲಗಳೆಯುತ್ತಾನೆ. ಇವೆರಡಕ್ಕೂ ಉತ್ತರವೆಂಬಂತೆ ಯೊವಾನ್ನನ ಶುಭಸಂದೇಶದಲ್ಲಿ ಇನ್ನೊಂದು ಪ್ರಸಂಗವಿದೆ. ವ್ಯಭಿಚಾರದ ಆರೋಪ ಹೊತ್ತ ಹೆಣ್ಣನ್ನು ಶಿಕ್ಷಿಸಲು ಬಂದವರು ಒಟ್ಟಾಗಿ ಬರುತ್ತಾರೆ. ಹಿಂತಿರುಗುವಾಗ ಮಾತ್ರ ಹಿರಿಯರು ಮೊದಲಾಗಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಗುಂಪು ಕೂಡುವುದು ಒಟ್ಟಾಗಿ, ಕರಗುವುದು ಒಬ್ಬೊಬ್ಬರಾಗಿ ಎಂಬುದೇ ಇದರ ತಿರುಳು.

ಗ್ರಾಮೀಣ ನ್ಯಾಯಪದ್ಧತಿಯೊಡನೆ ಇದನ್ನು ಹೋಲಿಸಬಹುದು. ಕುಲದ ಕಟ್ಟು ಮೀರಿದವನು ಕುಲಸ್ಥರ ಎದುರಿನಲ್ಲಿ ತಪ್ಪೊಪ್ಪಿಕೊಂಡು, ದಂಡ ತೆತ್ತು ಮತ್ತೆ ಕುಲವನ್ನು ಸೇರುತ್ತಿದ್ದನು. ಅಲ್ಲಿ ಕ್ಷಮಿಸುವುದು ಕೂಟ. ಕಥೋಲಿಕ ಪಾಪನಿವೇದನೆಯಲ್ಲಿ ಒಬ್ಬನು ಗುರುವಿನ ಮುಂದೆ ಗುಟ್ಟಾಗಿ ತನ್ನ ತಪ್ಪನ್ನು ಮಾತ್ರ ಹೇಳುತ್ತಾನೆ. ‘ಎಲ್ಲರೂ ಮಾಡಿದರು’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಈ ನಂಬಿಕೆಯು ಕಠಿಣ ಪರೀಕ್ಷೆಗೆ ಒಳಗಾದದ್ದು ಮೈಸೂರು ಸಂಸ್ಥಾನದಲ್ಲಿ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರಲ್ಲಿ ಅನೇಕರು ಬಲವಂತದಿಂದ ಮತಾಂತರಗೊಂಡರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೈಸೂರಿಗೆ ಬಂದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಾಸನ ಸೀಮೆಯ ಬೇಸಾಯದ ನೆಲೆಗಳಿಗೂ ಅವರೇ ಕಾರಣಕರ್ತರು.

1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ದುಬಾಯ್, ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದುರು ನಿಲ್ಲಲಿಲ್ಲವೆಂದು ಕಟುವಾಗಿ ಆಕ್ಷೇಪಿಸಿದ್ದಾರೆ. ಭಾರತದಲ್ಲಿ ಮತಪ್ರಚಾರ ಫಲಿಸದೆಂದು ವಾದಿಸುವ ಕೃತಿಯದಾದ್ದರಿಂದ ಈ ಮಾತನ್ನು ಎಚ್ಚರದಿಂದ ಓದಬೇಕು. ಅದೇ ಬರಹವು ಇನ್ನೊಂದು ಸಂಗತಿಯನ್ನೂ ದಾಖಲಿಸುತ್ತದೆ: ಸುಮಾರು 2,000 ಮಂದಿ ಅವರ ಬಳಿಗೆ ಬಂದು, ತಾವು ಧರ್ಮ ಬಿಟ್ಟದ್ದು ಹೊರಗೆ ಮಾತ್ರ, ಒಳಗೆ ಬಿಟ್ಟಿರಲಿಲ್ಲವೆಂದು ತಿಳಿಸಿದರು, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿದರು. ಬಾಗಿದವರನ್ನು ಒಟ್ಟಾಗಿ ಹಳಿದ ಪಾದ್ರಿಯೇ ಮರಳಿ ಬಂದವರ ಅಹವಾಲನ್ನು ಕೇಳಬೇಕಾಯಿತು.

ಇದು ಕ್ರೈಸ್ತ ಇತಿಹಾಸಕ್ಕೆ ಹೊಸತಲ್ಲ. ಕ್ರಿ.ಶ. 250ರ ರೋಮನ್ ದಬ್ಬಾಳಿಕೆಯಲ್ಲಿ ಬಾಗಿದವರನ್ನು ಮತ್ತೆ ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಕಾರ್ಥೇಜಿನ ಸಿಪ್ರಿಯಾನನಿಗೂ ಎದುರಾಗಿತ್ತು. ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳುವುದೇ ಅಲ್ಲಿನ ತೀರ್ಮಾನವಾಯಿತು.

ದುಬಾಯ್ ನೆಟ್ಟ ಪರಂಪರೆಯ ಕುರುಹಾಗಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ದೇವಾಲಯವು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುತ್ತಾ ಪಾಳಾಗಿದೆ. ಅದರ ಭಕ್ತರು ಬೇರೆಡೆ ನೆಲೆಸಿದ್ದಾರೆ. ಆದರೆ ಪ್ರತಿ ವರ್ಷ ಗರಿಗಳ ಭಾನುವಾರ ಈ ಸೀಮೆಯ ದೇವಾಲಯಗಳಲ್ಲಿ ಗುಂಪಿನ ಮಾತನ್ನು ಒಟ್ಟಾಗಿ ನುಡಿಯುವ ಜನ, ಪಾಪನಿವೇದನೆಗೆ ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿಯೇ ಮಂಡಿಯೂರುತ್ತಾರೆ.