ವರ್ಜಲ್‌ನ ಬಿಳಿ ಕಣ್ಣು

ಇಂದಿನ ತಾಂಜಾನಿಯಾದ ಗೋಂಬೆ ಕಾಡಿನಲ್ಲಿ ಮಿಸ್ಟರ್ ವರ್ಜಲ್ ಎಂಬ ಗಂಡು ಚಿಂಪಾಂಜಿ ಇತ್ತು. ಅದರ ಜತೆಗಾರರಿಗೆಲ್ಲ ಕಣ್ಣಾಲಿಯ ಅಕ್ಕಪಕ್ಕ ಕಡುಗಂದು. ವರ್ಜಲ್‌ಗೆ ಮಾತ್ರ ನಮ್ಮ ಹಾಗೆ ಬಿಳುಪು. 1960ರಲ್ಲಿ ಗೋಂಬೆಗೆ ಬಂದ ಜೇನ್ ಗುಡಾಲ್ 1971ರ ‘ಇನ್ ದ ಶ್ಯಾಡೋ ಆಫ್ ಮ್ಯಾನ್’ ಪುಸ್ತಕದಲ್ಲಿ ಇದನ್ನು ಬರೆದಿಟ್ಟರು.

ಕಣ್ಣಿನ ಒಳಗೆ ನಮಗೂ ಚಿಂಪಾಂಜಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಮುಂದಕ್ಕೆ ನೋಡುವ ಜೋಡಿಗಣ್ಣು, ಅಕ್ಷಿಪಟಲದಲ್ಲಿ ನೋಟ ಹರಿತವಾಗುವ ಪುಟ್ಟ ಗುಳಿ, ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶ ಇಬ್ಬರಿಗೂ ಉಂಟು. ದೂರದ ನೆಂಟ, ನಮ್ಮ ಕಾಡುಪಾಪನದು ಬೇರೆ ದಾರಿ: ಅದರ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ, ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುವುದು ಅದರಿಂದಲೇ. ಚಿಂಪಾಂಜಿ ನಮಗಿಂತ ಬೇರೆಯಾಗಿ ಕಾಣುವುದು ಹೊರಗಿನಿಂದ. ಅದರ ಕಣ್ಣುಗುಡ್ಡೆಯ ಮೇಲಿನ ತೆಳುಪೊರೆಯಲ್ಲಿ ಮೆಲನಿನ್ ದಟ್ಟವಾಗಿರುತ್ತದೆ, ನಮ್ಮಲ್ಲಿ ತೀರಾ ಕಡಿಮೆ.

1997ರಲ್ಲಿ ಜಪಾನಿನ ಹಿರೋಮಿ ಕೊಬಯಾಶಿ ಮತ್ತು ಶಿರೋ ಕೊಶಿಮಾ ಪ್ರೈಮೇಟ್‌ಗಳ ಸುಮಾರು ಅರ್ಧದಷ್ಟು ಪ್ರಭೇದಗಳ ಕಣ್ಣುಗಳನ್ನು ಹೋಲಿಸಿ ‘ನೇಚರ್’ನಲ್ಲಿ ಬರೆದರು: ಹೊರಗೆ ಕಾಣುವ ಬಿಳುಪು ಮನುಷ್ಯನ ವೈಶಿಷ್ಟ್ಯ. ನೋಟ ಎತ್ತ ಎಂಬುದು ಎದುರಿನವರಿಗೆ ತಿಳಿದರೆ ಕೂಡಿ ಬಾಳುವುದು ಸುಲಭ ಎಂಬ ವಾದ ಇದರಿಂದ ಬೆಳೆಯಿತು. 2007ರಲ್ಲಿ ಮೈಕೆಲ್ ಟೊಮಸೆಲೊ ತಂಡ ಅದನ್ನು ಪರೀಕ್ಷಿಸಿತು. ಪ್ರಯೋಗ ಮಾಡುವವರು ಕಣ್ಣು ಮುಚ್ಚಿಕೊಂಡು ತಲೆ ಎತ್ತಿದರೂ ವಾನರಗಳು ಮೇಲೆ ನೋಡಿದವು. ಮಾನವ ಶಿಶುಗಳು ಹೆಚ್ಚಾಗಿ ಅನುಸರಿಸಿದ್ದು ಕಣ್ಣನ್ನು.

ಇಷ್ಟಾಗುತ್ತಲೇ ‘ಬಿಳಿ ಕಣ್ಣು ಮನುಷ್ಯನಿಗೆ ಮಾತ್ರ’ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತು. ವರ್ಜಲ್‌ನನ್ನು ನೆನೆಯುವವರು ಕಡಿಮೆಯಾದರು. ನನಗೆ ಬೇಸರ ಅದಕ್ಕೇ. 2015ರಲ್ಲಿ ಕೆಲವು ಗೊರಿಲ್ಲಾಗಳಲ್ಲೂ ಬಿಳುಪು ಸಹಜವಾಗಿಯೇ ಕಾಣಿಸುತ್ತದೆಂಬ ಅಧ್ಯಯನ ಬಂತು. 2019ರಲ್ಲಿ ಇನ್ನೊಂದು ತಂಡ, ಚಿಂಪಾಂಜಿ ಮತ್ತು ಬೊನೊಬೊಗಳ ಕಣ್ಣಾಲಿಗೂ ಅದರ ಸುತ್ತಲಿನ ಬಣ್ಣಕ್ಕೂ ಇರುವ ವ್ಯತ್ಯಾಸ ನಮ್ಮಷ್ಟೇ ಎದ್ದು ಕಾಣುತ್ತದೆಂದು ತೋರಿಸಿತು. ಚಿಂಪಾಂಜಿಯಲ್ಲಿ ಕಣ್ಣಾಲಿ ತಿಳಿ, ಸುತ್ತ ಗಾಢ, ಅಷ್ಟೇ ಅದಲುಬದಲು.

ಗುಡಾಲ್ ಕೇಂಬ್ರಿಜ್‌ಗೆ ಹೋದಾಗ, ಪ್ರಾಣಿಗಳಿಗೆ ಸಂಖ್ಯೆ ಕೊಡಬೇಕು, ಹೆಸರಿಡಬಾರದು ಎಂದು ಅಲ್ಲಿನ ವಿದ್ವಾಂಸರು ಆಕ್ಷೇಪಿಸಿದ್ದರು. ಆಕೆ ಹೆಸರನ್ನು ಬಿಡಲಿಲ್ಲ. ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ನೋಡಿದ್ದರಿಂದಲೇ ವರ್ಜಲ್‌ನ ಕಣ್ಣು ದಾಖಲೆಗೆ ಬಂತು. ಪ್ರಭೇದದ ಸರಾಸರಿಯಲ್ಲಿ ಅದು ಕರಗಿಹೋಗುತ್ತಿತ್ತು.

ಮಕ್ಕಳಿಗೆ ವಿಕಾಸದ ಪಾಠ ಹೇಳುವ ಮೇಷ್ಟರಲ್ಲಿ ಒಂದು ಕೋರಿಕೆ: ಬಿಳಿ ಕಣ್ಣು ಮನುಷ್ಯರಲ್ಲಿ ವಾಡಿಕೆ, ವಾನರರಲ್ಲಿ ವಿರಳ ಎನ್ನಿ. ‘ಮಾತ್ರ’ ಎನ್ನಬೇಡಿ.